ತರಗತಿ ನಿಲ್ಲಿಸಿ ಜೋಡಿ ಹಾಕಿದೆವು: ಶಿಷ್ಯತ್ವದಲ್ಲಿ ನನ್ನ ಅನುಭವ

ಹುಬ್ಬಳ್ಳಿಯ ನಮ್ಮ ಕ್ರೈಸ್ತ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಯುವಕರ ಹೊಣೆ ನನಗೆ ಬಂದು ಹತ್ತು ವರ್ಷದ ಮೇಲಾಯಿತು. ದೃಢೀಕರಣ (ತಮ್ಮ ನಂಬಿಕೆಯನ್ನು ಸಭೆಯ ಮುಂದೆ ತಾವೇ ಒಪ್ಪಿಕೊಳ್ಳುವ ವಿಧಿ) ಮುಗಿಸಿದ ಹುಡುಗರು ಮುಂದಿನ ಕ್ರಿಸ್ಮಸ್ ಹೊತ್ತಿಗೆ ಕಾಣೆಯಾಗುವುದು ನಿಮಗೂ ಗೊತ್ತಿರುವ ಸಂಗತಿ. ನಮ್ಮಲ್ಲಿ ಅದು ಬಹುಮಟ್ಟಿಗೆ ನಿಂತಿದೆ. ಆಗದ ಕೆಲಸ ಅಂದವರು ಕಮಿಟಿಯಲ್ಲೇ ಇದ್ದರು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು, ತರಗತಿ ನಡೆಸುತ್ತಿದ್ದಾಗ ದುಡ್ಡು ಎಲ್ಲಿ ಹೋಯಿತು ಹೇಳಿಬಿಡುತ್ತೇನೆ. ಪಾಠದ ಪುಸ್ತಕಗಳನ್ನು ಹೊರ ಊರಿನಿಂದ ತರಿಸಿದೆವು, ಸುಮಾರು ಒಂಬತ್ತು ಸಾವಿರ. ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳು. ಹುಡುಗರು ಶನಿವಾರ ರಾತ್ರಿ ಒಬ್ಬರದು ನೋಡಿ ಒಬ್ಬರು ತುಂಬಿದರು. ಆಮೇಲೆ ದಾಂಡೇಲಿಯಲ್ಲಿ ಶಿಬಿರ. ಬಸ್ಸು, ಊಟ, ಬೋಧಕರ ಪ್ರಯಾಣ ಸೇರಿ ಮೂವತ್ತು ಸಾವಿರ ದಾಟಿತು. ಕೊನೆಯ ರಾತ್ರಿ ಎಲ್ಲರೂ ಅತ್ತು ಪ್ರಾರ್ಥಿಸಿದರು. ಆ ಕಣ್ಣೀರು ಸುಳ್ಳಲ್ಲ. ಆದರೆ ಸೋಮವಾರ ಅವರ ಸಂಗಡ ನಡೆಯುವವರು ಯಾರೂ ಇರಲಿಲ್ಲ.

ಬೈಬಲಿನ ಮಾರ್ಕನ ಸುವಾರ್ತೆ 3:14 ನೋಡಿ. ಯೇಸು ಹನ್ನೆರಡು ಮಂದಿ ಶಿಷ್ಯರನ್ನು ನೇಮಿಸಿದ್ದು ಮೊದಲು ತನ್ನ ಸಂಗಡ ಇರುವುದಕ್ಕೆ. ಸಾರುವುದಕ್ಕೆ ಕಳಿಸುವ ಮಾತು ಆಮೇಲೆ. ಹಾಗಾಗಿ ತರಗತಿ ನಿಲ್ಲಿಸಿ, ಹಿರಿಯರೊಬ್ಬರಿಗೆ ಒಬ್ಬ ಹುಡುಗ, ತಾಯಿಯೊಬ್ಬರಿಗೆ ಒಬ್ಬ ಹುಡುಗಿ ಅಂತ ಜೋಡಿ ಹಾಕಿದೆ. ವಾರಕ್ಕೊಮ್ಮೆ ಹಿರಿಯರ ಮನೆಯಲ್ಲಿ ಊಟ, ಮಾರ್ಕನ ಸುವಾರ್ತೆಯ ಒಂದು ಭಾಗ. ಹದಿನಾರು ಅಧ್ಯಾಯಕ್ಕೆ ಹತ್ತಿರ ಹತ್ತಿರ ವರ್ಷ ಹಿಡಿಯಿತು. ತಿಂಗಳಿಗೊಮ್ಮೆ ಇಬ್ಬರೂ ಇಲ್ಲಿಯ ಸರಕಾರಿ ಕಿಮ್ಸ್ ಆಸ್ಪತ್ರೆಗೆ. ಕರಪತ್ರ ಹಂಚುವುದಿಲ್ಲ. ದೂರದ ಹಳ್ಳಿಯಿಂದ ಬಂದವರ ಔಷಧಿ ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲುವುದು, ಬಿಸಿನೀರು ತಂದುಕೊಡುವುದು, ಇಷ್ಟೇ.

"ಊಟಾ ಹಾಕಿದ್ರ ಶಿಷ್ಯರ ಆಗ್ತಾರೇನ್ರೀ?" ಅಂತ ಹಿರಿಯರೊಬ್ಬರು ಕಮಿಟಿಯಲ್ಲಿ ಕೇಳಿದರು.

ನಿಜವಾಗಿ ಕೆಲಸ ಮಾಡಿದ್ದು ಖರ್ಚಿನ ವಹಿ. ತಿಂಗಳ ಕೊನೆಗೆ ಇಬ್ಬರೂ ತಮ್ಮ ಲೆಕ್ಕ ಒಬ್ಬರಿಗೊಬ್ಬರು ತೋರಿಸಬೇಕು. ಇದಕ್ಕೆ ಬಂದಷ್ಟು ವಿರೋಧ ಬೇರಾವುದಕ್ಕೂ ಬರಲಿಲ್ಲ. ಆದರೆ ಲೂಕನ ಸುವಾರ್ತೆ 14ರಲ್ಲಿ ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುತ್ತಾನೆ. ಮಾರ್ಕ 10ರ ಆಸ್ತಿವಂತ ಚಿಕ್ಕಂದಿನಿಂದ ಆಜ್ಞೆಗಳನ್ನು ಪಾಲಿಸಿದವ. ಆಸ್ತಿ ಮಾರಿ ಬಡವರಿಗೆ ಕೊಡು ಅಂತ ಯೇಸು ಅಂದಾಗ ವ್ಯಸನಪಟ್ಟು ಹೊರಟುಹೋದ. ಜೇಬಿಗೆ ತಾಗದ ಶಿಷ್ಯತ್ವವನ್ನು ನಾನು ನಂಬುವುದಿಲ್ಲ.

ಒಂದು ಜೋಡಿಯ ವಿಷಯವನ್ನು ಇಬ್ಬರ ಒಪ್ಪಿಗೆ ಪಡೆದೇ ಹೇಳುತ್ತೇನೆ. ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಕಾಕಾ, ಮೊಬೈಲ್ ಅಂಗಡಿಯ ಹುಡುಗ. ಹುಡುಗ ತಿಂಗಳುಗಟ್ಟಲೆ "ವಹಿ ಮರತ ಬಂದೆ ಕಾಕಾ" ಅನ್ನುತ್ತಿದ್ದ. ಒಂದು ರಾತ್ರಿ ಊಟದ ತಾಟು ಎತ್ತಿದ ಮೇಲೆ ಕಾಕಾ ತಮ್ಮ ವಹಿಯನ್ನೇ ಅವನ ಮುಂದೆ ಬಿಚ್ಚಿಟ್ಟು, "ತಮ್ಮಾ, ಮೊದಲ ನಂದ ನೋಡು" ಅಂದರು. ಮಗಳ ಮದುವೆಯ ಕೈಸಾಲ, ಅದರ ಬಡ್ಡಿ, ಕಂತು ಬಾಕಿ ಬಿದ್ದ ಚೀಟಿ, ಕಾಣಿಕೆ ಕೊಡದ ಎರಡು ತಿಂಗಳು, ಎಲ್ಲ ಅದರಲ್ಲಿತ್ತು. ಮುಂದಿನ ವಾರ ಹುಡುಗನೂ ತಂದ: ಎರಡು ಇಎಂಐ, ಆನ್‌ಲೈನ್ ರಮ್ಮಿಯಲ್ಲಿ ಕಳೆದ ಹದಿನೈದು ಸಾವಿರದಷ್ಟು ಹಣ. ಕಾಕಾ ಬೈಯಲಿಲ್ಲ, ಬೈಬಲ್ ವಚನವನ್ನೂ ಹೇಳಲಿಲ್ಲ. ಯಾವ ಸಾಲ ಮೊದಲು ತೀರಿಸುವುದು ಅಂತ ಇಬ್ಬರೂ ಪೆನ್ಸಿಲಿನಲ್ಲಿ ಬರೆದರು, ಕಾಕಾನ ಸಾಲವೂ ಅದೇ ಪಟ್ಟಿಯಲ್ಲಿ. ರಮ್ಮಿ ನಿಂತಿತು. ಯೋಹಾನನ ಸುವಾರ್ತೆ 13ರಲ್ಲಿ ಗುರುವಾದ ಯೇಸುವೇ ಮೊದಲು ಶಿಷ್ಯರ ಕಾಲು ತೊಳೆದದ್ದು ಹೇಗೆ ಕೆಲಸ ಮಾಡುತ್ತದೆ ಅಂತ ನಾನು ಕಣ್ಣಾರೆ ನೋಡಿದೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಮಾರ್ಕನ ಸುವಾರ್ತೆಯನ್ನು ಓದಿ ವಾಟ್ಸಾಪಿನಲ್ಲಿ ಕಳಿಸಿದೆ. ಹುಡುಗರು ಕೇಳಲಿಲ್ಲ, ಕಣ್ಣು ಮಂಜಾದ ಅಜ್ಜಿಯರು ಬಿಡದೆ ಕೇಳಿದರು. ಲೆಂಟ್ (ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ಕಾಲ) ಶುಕ್ರವಾರಗಳ ನಾಷ್ಟಾದ ದುಡ್ಡನ್ನು ಡಬ್ಬಿಗೆ ಹಾಕಿಸಿದೆ, ಆರು ಸಾವಿರದ ಹತ್ತಿರ ಕೂಡಿತು, ಕಿಮ್ಸಿನಿಂದ ಊರಿಗೆ ಮರಳುವವರ ಬಸ್ ಚಾರ್ಜಿಗೆ ಹೋಯಿತು.

ಹನ್ನೆರಡರಷ್ಟು ಜೋಡಿಗಳಲ್ಲಿ ಮೂರೋ ನಾಲ್ಕೋ ಮುರಿದವು. ಒಂದು ಮನೆಯಲ್ಲಿ ಪ್ರತಿ ಊಟವೂ ಉಪದೇಶದ ಪ್ರಸಂಗವಾಯಿತು, ಹುಡುಗ ಹೋಗುವುದನ್ನೇ ಬಿಟ್ಟ. ಉಳಿದವರು ನಿಂತಿದ್ದಾರೆ, ಇಬ್ಬರು ತಾವೇ ಒಬ್ಬೊಬ್ಬರನ್ನು ಸಂಗಡ ಕರೆದುಕೊಂಡಿದ್ದಾರೆ. ವಹಿ, ಬಸ್ಸು ಸೇರಿ ಸಭೆಗೆ ವರ್ಷದ ಖರ್ಚು ಎರಡೂವರೆ ಸಾವಿರ. ಶಿಬಿರಕ್ಕೆ ಹೋಲಿಸಿ ನೋಡಿ.

ಜೋಡಿ ಹೇಗೆ ಆರಿಸುತ್ತೇನೆ ಅನ್ನುವುದನ್ನು ಪೂರ್ತಿ ಬರೆಯುವುದಿಲ್ಲ. ಬೀಗರು ನೆಂಟರು ಬೇಡ, ಕಮಿಟಿ ಚುನಾವಣೆಗೆ ನಿಲ್ಲುವವರು ಬೇಡ. ಉಳಿದದ್ದು ನಿಮ್ಮ ಸಭೆಯ ಜನರನ್ನು ಬಲ್ಲ ನಿಮಗೇ ಗೊತ್ತಾಗುತ್ತದೆ.