ಟನ್ನಿಗೆ ಎಷ್ಟು? ಇಂಗಾಲ ಕಡಿತದ ವೆಚ್ಚದ ರೇಖೆ ಕಟ್ಟುವ ಬಗೆ

ಇಂಗಾಲದ ಡೈಆಕ್ಸೈಡಿನ ಹೊರಸೂಸುವಿಕೆ ಇಳಿಸುವ ಗುರಿಯೇನೋ ಗೊತ್ತಾಯಿತು. ಯಾವ ಕ್ರಮದಿಂದ ಎಷ್ಟು ಟನ್ ಇಳಿಯುತ್ತದೆ, ಟನ್ನಿಗೆ ಎಷ್ಟು ಖರ್ಚು ಬೀಳುತ್ತದೆ? ಇದನ್ನು ಒಂದೇ ಚಿತ್ರದಲ್ಲಿ ತೋರಿಸುವುದು ಕಡಿತ ವೆಚ್ಚದ ರೇಖೆ. ಅಡ್ಡಕ್ಕೆ ವರ್ಷಕ್ಕೆ ಇಳಿಯುವ ಟನ್, ಲಂಬಕ್ಕೆ ಟನ್ನಿನ ಖರ್ಚು. ಅಗ್ಗದ ಕ್ರಮ ಎಡಕ್ಕೆ, ದುಬಾರಿಯದು ಬಲಕ್ಕೆ. ಒಂದು ಸ್ಪ್ರೆಡ್‌ಶೀಟ್ ಇದ್ದರೆ ಸಾಕು.

ಮೊದಲು ಗುರಿಯನ್ನೇ ಸರಿಯಾಗಿ ಓದಿ. ಒಟ್ಟು ಟನ್ ಇಳಿಸುವ ಗುರಿ ಬೇರೆ, ಜಿಡಿಪಿಯ ಪ್ರತಿ ಘಟಕಕ್ಕೆ ಬೀಳುವ ಹೊರಸೂಸುವಿಕೆಯನ್ನು ಇಳಿಸುವ ಗುರಿ ಬೇರೆ. ಆರ್ಥಿಕತೆ ವರ್ಷಕ್ಕೆ ಶೇ 6ರಂತೆ ಬೆಳೆದರೆ 10 ವರ್ಷಕ್ಕೆ 1.79 ಪಟ್ಟಾಗುತ್ತದೆ. ಆ ಅವಧಿಯಲ್ಲಿ ತೀವ್ರತೆ, ಅಂದರೆ ಜಿಡಿಪಿಯ ಘಟಕಕ್ಕೆ ಬೀಳುವ ಹೊರಸೂಸುವಿಕೆ, ಶೇ 40 ಇಳಿದರೂ 1.79 × 0.6 = 1.07, ಅಂದರೆ ಒಟ್ಟು ಹೊರಸೂಸುವಿಕೆ ಶೇ 7 ಏರಿಯೇ ಇರುತ್ತದೆ.

ಆಮೇಲೆ ಬೇಸ್‌ಲೈನ್: ಹೊಸ ನೀತಿ ಏನೂ ಬರದಿದ್ದರೆ ಹೊರಸೂಸುವಿಕೆ ಹೋಗುವ ಹಾದಿ. ಜನಸಂಖ್ಯೆ × ತಲಾ ಜಿಡಿಪಿ × ಜಿಡಿಪಿಯ ಘಟಕಕ್ಕೆ ಬೇಕಾಗುವ ಶಕ್ತಿ × ಶಕ್ತಿಯ ಘಟಕಕ್ಕೆ ಹೊರಬೀಳುವ ಇಂಗಾಲದ ಡೈಆಕ್ಸೈಡ್, ಈ ನಾಲ್ಕರ ಗುಣಲಬ್ಧವನ್ನು ವರ್ಷವರ್ಷಕ್ಕೆ ಹಾಕಿ. ಹಳೆಯ ಯಂತ್ರ ಕೆಟ್ಟಾಗ ಜನ ತಾವಾಗಿಯೇ ಕಡಿಮೆ ವಿದ್ಯುತ್ತಿನದ್ದನ್ನು ಕೊಳ್ಳುತ್ತಾರೆ. ಆ ಇಳಿಕೆ ಬೇಸ್‌ಲೈನಿನೊಳಗೇ ಇರಬೇಕು. ಇಲ್ಲದಿದ್ದರೆ ಹೇಗೂ ಆಗುತ್ತಿದ್ದದ್ದೂ ನೀತಿಯ ಖಾತೆಗೆ ಬೀಳುತ್ತದೆ. ಇಂಧನಗಳಿಗೆ ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿಯಾದ ಐಪಿಸಿಸಿಯ 2006ರ ಅಂಕಿಗಳಿವೆ: ಪ್ರತಿ ಗಿಗಾಜೌಲ್‌ಗೆ ಬಿಟುಮಿನಸ್ ಕಲ್ಲಿದ್ದಲು 94.6, ಡೀಸೆಲ್ 74.1, ನೈಸರ್ಗಿಕ ಅನಿಲ 56.1 ಕಿಲೋ ಡೈಆಕ್ಸೈಡ್. ಇಲ್ಲಿ ಎಡವುವವರು ಹೆಚ್ಚು: ಒಂದು ಕಡತದಲ್ಲಿ ಇಂಗಾಲದ ಟನ್, ಇನ್ನೊಂದರಲ್ಲಿ ಡೈಆಕ್ಸೈಡಿನ ಟನ್. ಎರಡರ ನಡುವೆ 44/12, ಅಂದರೆ 3.67 ಪಟ್ಟು ವ್ಯತ್ಯಾಸ.

ಈಗ ಖರ್ಚು. ಬಂಡವಾಳವನ್ನು ಉಪಕರಣದ ಬಾಳಿಕೆಯ ಮೇಲೆ ವಾರ್ಷಿಕ ಕಂತಾಗಿ ಹಂಚಿ, ಅದರಿಂದ ಇಂಧನ ಉಳಿತಾಯವನ್ನು ಕಳೆದು, ಉಳಿದದ್ದನ್ನು ವರ್ಷಕ್ಕೆ ಇಳಿಯುವ ಟನ್‌ಗಳಿಂದ ಭಾಗಿಸಿ. 10 ಲಕ್ಷ ಡಾಲರಿನ, 20 ವರ್ಷ ಬಾಳುವ ಉಪಕರಣವೊಂದು ವರ್ಷಕ್ಕೆ 50,000 ಡಾಲರ್ ಇಂಧನ ಉಳಿಸಿ 2,000 ಟನ್ ಇಳಿಸುತ್ತದೆ ಎನ್ನಿ. ಡಿಸ್ಕೌಂಟ್ ದರ, ಅಂದರೆ ಮುಂದಿನ ವರ್ಷಗಳ ಹಣವನ್ನು ಇಂದಿನ ಬೆಲೆಗೆ ಇಳಿಸುವ ಬಡ್ಡಿಯಂಥ ದರ, ಶೇ 8 ಆದರೆ ಕಂತು 1,01,852. ಟನ್ನಿಗೆ 26 ಡಾಲರ್. ಶೇ 3ಕ್ಕೆ ಕಂತು 67,216, ಟನ್ನಿಗೆ 8.6. ಉಪಕರಣ ಅದೇ, ಟನ್ ಅಷ್ಟೇ, ಖರ್ಚು ಮಾತ್ರ ಮೂರನೇ ಒಂದು ಭಾಗಕ್ಕೆ ಇಳಿಯಿತು. ಹಾಗಾಗಿ ದರವನ್ನು ಸೂತ್ರದೊಳಗೆ ಹುಗಿಯದೆ ಪ್ರತ್ಯೇಕ ಸೆಲ್‌ನಲ್ಲಿಡಿ. ಕಂತಿಗೆ ಸ್ಪ್ರೆಡ್‌ಶೀಟಿನಲ್ಲೇ ಇರುವ ಪಿಎಂಟಿ (PMT) ಸೂತ್ರ ಬಳಸಿದರೆ ಉತ್ತರ ಋಣ ಚಿಹ್ನೆಯಲ್ಲಿ ಬರುತ್ತದೆ. ಚಿಹ್ನೆ ತಿರುಗಿಸಲು ಮರೆತರೆ ದುಬಾರಿ ಕ್ರಮಗಳೆಲ್ಲ ಲಾಭದವಾಗಿ ಕಾಣುತ್ತವೆ.

ನಿಜವಾಗಿಯೂ ಲಾಭದ್ದಾದ, ಶೂನ್ಯಕ್ಕಿಂತ ಕೆಳಗಿರುವ ಕ್ರಮಗಳನ್ನು ಟನ್ನಿನ ಖರ್ಚು ನೋಡಿ ಸಾಲು ಹಚ್ಚಬೇಡಿ. ಒಂದು ಕ್ರಮ 1,000 ಡಾಲರ್ ಉಳಿಸಿ 10 ಟನ್ ಇಳಿಸಿತು: ಟನ್ನಿಗೆ −100. ಇನ್ನೊಂದು ಅಷ್ಟೇ ಹಣ ಉಳಿಸಿ 100 ಟನ್ ಇಳಿಸಿತು: −10. ಎರಡನೆಯದು ಮೇಲೆಂಬುದು ಯಾರಿಗಾದರೂ ಗೊತ್ತಾಗುತ್ತದೆ, ಆದರೆ ರೇಖೆ ಮೊದಲನೆಯದನ್ನೇ ಮುಂದೆ ನಿಲ್ಲಿಸುತ್ತದೆ. ಅಚ್ಚಾದ ವರದಿಗಳಲ್ಲೂ ಈ ಎಡವಟ್ಟು ಉಳಿದುಕೊಂಡಿರುತ್ತದೆ. ಈ ಗುಂಪನ್ನು ಬೇರೆ ಪಟ್ಟಿಗೆ ತೆಗೆದು, ಒಟ್ಟು ಉಳಿತಾಯ ಮತ್ತು ಒಟ್ಟು ಟನ್ ಎರಡನ್ನೂ ಬರೆದು ತೋರಿಸಿ.

ಇನ್ನು ಕೂಡಿಸುವ ಕೆಲಸ. ಪ್ರತಿ ಕ್ರಮದ ಟನ್‌ಗಳನ್ನು ಬಿಡಿಬಿಡಿಯಾಗಿ ಲೆಕ್ಕ ಹಾಕಿ ಒಟ್ಟುಮಾಡಿದರೆ ಒಂದೇ ಟನ್ ಎರಡು ಸಲ ಸೇರುತ್ತದೆ. ವರ್ಷಕ್ಕೆ 10 ಲಕ್ಷ ಯೂನಿಟ್ ವಿದ್ಯುತ್ ಉಳಿಸುವ ಕ್ರಮವಿದೆ ಎನ್ನಿ. ಯೂನಿಟ್ಟಿಗೆ 0.7 ಕಿಲೋ ಹೊರಸೂಸುವ ವಿದ್ಯುತ್ ಜಾಲದಲ್ಲಿ ಅದು 700 ಟನ್. ಸೌರ, ಪವನ ಬಂದು ಜಾಲ 0.4ಕ್ಕೆ ಇಳಿದ ಮೇಲೆ 400 ಟನ್ ಮಾತ್ರ. ಆದ್ದರಿಂದ ರೇಖೆಯಲ್ಲಿ ಎಡದಿಂದ ಬಲಕ್ಕೆ ನಿಂತ ಸಾಲಿನಂತೆಯೇ ಒಂದೊಂದು ಕ್ರಮವನ್ನೂ ಜಾರಿಗೆ ಬಂದಂತೆ ಸೇರಿಸುತ್ತಾ, ಪ್ರತಿ ಹೆಜ್ಜೆಗೂ ಜಾಲದ ಅಂಕಿ ತಿದ್ದಿ ಮುಂದಿನದರ ಟನ್ ಲೆಕ್ಕ ಹಾಕಿ.

ಕೊನೆಯ ಪರೀಕ್ಷೆ ಬಾಳಿಕೆಯದು. ಕಲ್ಲಿದ್ದಲು ಬಾಯ್ಲರ್ ಇದ್ದ ಕಡೆ ಅಷ್ಟೇ ದಕ್ಷತೆಯ ಅನಿಲದ ಬಾಯ್ಲರ್ ಹಾಕಿದರೆ ಇಳಿಕೆ ಸುಮಾರು ಶೇ 41. ಗುರಿ ಶೇ 80 ಆಗಿದ್ದರೆ ಈ ಅಗ್ಗದ ಕ್ರಮವೇ ಮುಂದೆ ದಾರಿಗೆ ಅಡ್ಡ ನಿಲ್ಲುತ್ತದೆ. ಹೀಗೆ ಗುರಿಯ ವರ್ಷ ದಾಟಿ ಬಾಳುವ, ಆದರೆ ಅರ್ಧಕ್ಕೆ ಕಿತ್ತುಹಾಕಬೇಕಾಗಿ ಬರಬಹುದಾದ ಸಾಲುಗಳಿಗೆ ಬಣ್ಣ ಹಚ್ಚಿ, ಬಳಕೆಯಾಗುವ ವರ್ಷಗಳಿಗಷ್ಟೇ ಬಂಡವಾಳ ಹಂಚಿ ಮತ್ತೊಮ್ಮೆ ಲೆಕ್ಕ ಹಾಕಿ. ಮೇಲಿನ 10 ಲಕ್ಷದ ಉಪಕರಣವನ್ನು 10 ವರ್ಷಕ್ಕೇ ಕಿತ್ತರೆ, ಶೇ 8ರ ದರದಲ್ಲೇ, ಟನ್ನಿನ 26 ಡಾಲರ್ 49.5 ಆಗುತ್ತದೆ.