ಬಿಸಿಲಲ್ಲಿ ಕೆಲಸ: ಮೊದಲು ನೆರಳು ನೋಡಿ, ಆಮೇಲೆ ಕ್ರೀಮು

ಜಮೀನು ಅಳೆಯುವ ಕೆಲಸ ನನ್ನದು. ದಿನವಿಡೀ ಬಯಲಲ್ಲೇ ಇರಬೇಕು. ಯಾವ ಸನ್‌ಸ್ಕ್ರೀನ್ ಹಚ್ಚುತ್ತೀರಿ ಅಂತ ಜನ ಕೇಳುತ್ತಾರೆ. ನನ್ನ ಪಟ್ಟಿಯಲ್ಲಿ ಅದು ಕೊನೆಗೆ ಬರುತ್ತದೆ.

ಚರ್ಮ ಸುಡುವುದು ಅತಿನೇರಳೆ (ಯುವಿ) ಕಿರಣದಿಂದ. ಅದು ಕಣ್ಣಿಗೆ ಕಾಣುವುದಿಲ್ಲ, ಮೈಗೆ ಬಿಸಿಯಾಗಿ ತಾಕುವುದೂ ಇಲ್ಲ. ತಂಗಾಳಿ ಬೀಸುವಾಗಲೂ, ತೆಳು ಮೋಡ ಇದ್ದಾಗಲೂ ಸುಡಬಹುದು. ಹಾಗಾಗಿ ಸೆಕೆಯನ್ನು ನಂಬದೆ ನನ್ನ ನೆರಳನ್ನೇ ನೋಡಿಕೊಳ್ಳುತ್ತೇನೆ. ನೆರಳು ನನಗಿಂತ ಗಿಡ್ಡವಾಗಿದ್ದರೆ ಸೂರ್ಯ 45 ಡಿಗ್ರಿಗಿಂತ ಮೇಲಿದ್ದಾನೆ, ಕಿರಣ ಜೋರಾಗಿದೆ ಅಂತ ಲೆಕ್ಕ. ಹವಾಮಾನದ ಆ್ಯಪ್‌ಗಳಲ್ಲಿ ಯುವಿ ಸೂಚ್ಯಂಕವೂ, ಅಂದರೆ ಆ ಕಿರಣ ಎಷ್ಟು ಜೋರಾಗಿದೆ ಅನ್ನುವ ಅಂಕಿಯೂ ಸಿಗುತ್ತದೆ. 3 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಹುಷಾರಾಗಿರಬೇಕು. ನಡು ಮಧ್ಯಾಹ್ನಕ್ಕೆ ಲೆಕ್ಕ ಬರೆಯುವ, ನಕ್ಷೆ ತಿದ್ದುವ ಕೆಲಸ ಉಳಿಸಿಕೊಂಡು ಮರದಡಿ ಕೂರುತ್ತೇನೆ.

ಆಮೇಲೆ ಬಟ್ಟೆ. ತುಂಬು ತೋಳಿನ ಸಡಿಲ ಅಂಗಿ, ನೇಯ್ಗೆ ಒತ್ತಾಗಿರಬೇಕು. ಕೊಳ್ಳುವಾಗ ಬೆಳಕಿಗೆ ಹಿಡಿದು ನೋಡುತ್ತೇನೆ. ಎಳೆಗಳ ಸಂದಿನಲ್ಲಿ ಬೆಳಕು ಇಣುಕಿದರೆ ಬೇಡ. ತೆಳು ಬಿಳಿ ಹತ್ತಿ ಬಟ್ಟೆ ಬೆವರಿಗೆ ಒದ್ದೆಯಾದರೆ ಕಿರಣವನ್ನು ಇನ್ನೂ ಜಾಸ್ತಿ ಒಳಬಿಡುತ್ತದೆ. ಯುಪಿಎಫ್ ಅಂದರೆ ಬಟ್ಟೆ ಯುವಿಯನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆ; ಯುಪಿಎಫ್ 50 ಅಂತ ಬರೆದ ಬಟ್ಟೆಯಾದರೆ ಕಿರಣದ ಐವತ್ತರಲ್ಲಿ ಒಂದು ಪಾಲು ಮಾತ್ರ ದಾಟುತ್ತದೆ. ಕ್ರಿಕೆಟ್ ಕ್ಯಾಪ್ ಕಿವಿಯನ್ನೂ ಕತ್ತನ್ನೂ ಹಾಗೇ ಬಿಟ್ಟುಬಿಡುತ್ತದೆ. ಸುತ್ತಲೂ ಅಗಲ ಅಂಚಿರುವ ಟೋಪಿಯೇ ಸರಿ. ಅದಿಲ್ಲದ ದಿನ ಕ್ಯಾಪಿನ ಕೆಳಗೆ ಟವೆಲ್ ಇಳಿಬಿಡುತ್ತೇನೆ. ನೋಡೋಕೆ ಚೆನ್ನಾಗಿರಲ್ಲ, ಇರಲಿ.

ಇಷ್ಟಾದ ಮೇಲೂ ಬಿಸಿಲಿಗೆ ಒಡ್ಡಿಕೊಳ್ಳುವ ಮುಖ, ಕತ್ತು, ಅಂಗೈ ಹಿಂಭಾಗಕ್ಕೆ ಕ್ರೀಮು. ಎಸ್‌ಪಿಎಫ್ (ಕ್ರೀಮಿನ ತಡೆಯ ಅಳತೆ) 30 ಇದ್ದರೆ ಸುಮಾರು 97 ಶೇಕಡಾ ಯುವಿಬಿಯನ್ನು, ಅಂದರೆ ಮುಖ್ಯವಾಗಿ ಚರ್ಮ ಸುಡುವ ಯುವಿಯನ್ನು ತಡೆದರೆ, 50 ತಡೆಯುವುದು 98. ಆ ಒಂದು ಅಂಶಕ್ಕೆ ತಲೆ ಕೆಡಿಸಿಕೊಳ್ಳುವುದಕ್ಕಿಂತ ಸಾಕಷ್ಟು ಹಚ್ಚುವುದು ಮುಖ್ಯ, ಅಲ್ವಾ? ಎರಡು ಬೆರಳುದ್ದಕ್ಕೆ ಹಿಂಡಿದಷ್ಟು ಮುಖ ಮತ್ತು ಕತ್ತಿಗೆ ಬೇಕು. ಸುಮ್ನೆ ಸವರಿದರೆ ಡಬ್ಬಿಯ ಮೇಲಿನ ಸಂಖ್ಯೆ ಸಿಗಲ್ಲ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ಬೆವರು ಒರೆಸಿಕೊಂಡರೆ ಇನ್ನೂ ಬೇಗ. ಎಸ್‌ಪಿಎಫ್ ಹೇಳುವುದು ಮುಖ್ಯವಾಗಿ ಯುವಿಬಿ ಬಗ್ಗೆ. ಚರ್ಮದ ಇನ್ನೂ ಆಳಕ್ಕೆ ಇಳಿಯುವ ಯುವಿಎ ಕಿರಣದ ತಡೆಗೆ ‘ಬ್ರಾಡ್ ಸ್ಪೆಕ್ಟ್ರಮ್’ ಅಂತಲೋ ‘ಪಿಎ’ ಮುಂದೆ ಪ್ಲಸ್ ಗುರುತುಗಳೋ ಇವೆಯಾ ನೋಡಿಕೊಳ್ಳಿ.

‘ಕಪ್ಪು ಮೈಗೆ ಇದೆಲ್ಲ ಯಾಕೆ’ ಅನ್ನುವ ಸಹೋದ್ಯೋಗಿ ಒಬ್ಬರಿದ್ದಾರೆ. ಚರ್ಮ ಸುಡುವುದು ತಡವಾಗಬಹುದು, ನಿಜ. ಕಣ್ಣಿಗೆ ಆ ರಿಯಾಯಿತಿ ಇಲ್ಲ. ವರ್ಷಗಟ್ಟಲೆ ಬಿದ್ದ ಬಿಸಿಲು ಪೊರೆ ಬರುವುದಕ್ಕೂ ಒಂದು ಕಾರಣ. ಕನ್ನಡಕ ಎಷ್ಟು ಕಪ್ಪಗಿದೆ ಅಂತ ನೋಡಿ ಕೊಳ್ಳಬೇಡಿ. ಕಪ್ಪು ಗಾಜಿನ ಹಿಂದೆ ಪಾಪೆ ಅಗಲವಾಗುತ್ತದೆ, ಯುವಿ ತಡೆ ಇಲ್ಲದಿದ್ದರೆ ಕಿರಣ ಜಾಸ್ತಿಯೇ ಒಳಹೋಗಬಹುದು. ‘ಯುವಿ 400’ ಅಂತ ಬರೆದಿರುವುದನ್ನೇ ಕೇಳಿ ತೆಗೆದುಕೊಳ್ಳಿ.