ಓ2ರಲ್ಲಿ ಮಾತ್ರ ತಪ್ಪುವ ಲೆಕ್ಕ: ಒಂದು ಎಲ್‌ಎಲ್‌ವಿಎಂ ಬಗ್ ಹಿಡಿದ ಬಗೆ

64-ಬಿಟ್ ರಿಸ್ಕ್-ವಿ ಪ್ರೊಸೆಸರ್ ಒಂದಕ್ಕೆ ನಮ್ಮ ತಂಡ ತನ್ನದೇ ಇನ್‌ಸ್ಟ್ರಕ್ಷನ್‌ಗಳನ್ನು ಸೇರಿಸಿತ್ತು. ಎಲ್‌ಎಲ್‌ವಿಎಂ ಅನ್ನೋ ಕಂಪೈಲರ್‌ನಲ್ಲಿ ಅವುಗಳ ಬ್ಯಾಕೆಂಡ್, ಅಂದರೆ ಪ್ರೊಸೆಸರ್‌ಗೆ ಬೇಕಾದ ಕೋಡ್ ಹೊರಡಿಸುವ ಭಾಗ, ನೋಡಿಕೊಳ್ಳೋದು ನನ್ನ ಕೆಲಸ. ಒಂದು ಟೆಸ್ಟ್ ಓ0ರಲ್ಲಿ (ಕಂಪೈಲರ್ ಕೋಡನ್ನು ಚುರುಕುಗೊಳಿಸದೆ ಬಿಟ್ಟಾಗ) ಸರಿಯಾಗಿ ಓಡುತ್ತಿತ್ತು, ಓ2ರಲ್ಲಿ (ಚುರುಕುಗೊಳಿಸಿದಾಗ) ತಪ್ಪು ಉತ್ತರ. ಕಂಪೈಲರ್ ಕ್ರ್ಯಾಶ್ ಆಗಿದ್ದರೆ ಎಷ್ಟೋ ವಾಸಿ, ಎಲ್ಲಿ ಬಿತ್ತು ಅಂತಾದರೂ ಗೊತ್ತಾಗುತ್ತೆ.

ಇಂಥ ಕಡೆ ನಾನು ಮೊದಲು ಅನುಮಾನ ಪಡೋದು ಸಿ ಕೋಡಿನ ಮೇಲೆ. ಓಡುವಾಗ ಸಿ ಕೋಡಿನ ತಪ್ಪು ಹಿಡಿಯುವ ಯುಬಿಸ್ಯಾನ್, ಅಡ್ರೆಸ್ ಸ್ಯಾನಿಟೈಸರ್ ಎರಡನ್ನೂ ಹಾಕಿ ಓಡಿಸಿದೆ. ಏನೂ ಸಿಗಲಿಲ್ಲ. ಆಮೇಲೆ ಅರ್ಧ ಫೈಲ್‌ಗಳನ್ನು ಓ0ರಲ್ಲಿ, ಉಳಿದರ್ಧವನ್ನು ಓ2ರಲ್ಲಿ ಕಂಪೈಲ್ ಮಾಡಿ ಲಿಂಕ್ ಮಾಡುತ್ತಾ ಹೋದೆ. ಒಂದು ಫೈಲಿಗೆ ಬಂದು ನಿಂತಿತು. ಅದಕ್ಕೆ ಆಪ್ಟ್-ಬೈಸೆಕ್ಟ್-ಲಿಮಿಟ್ ಅನ್ನೋ ಆಯ್ಕೆ ಕೊಟ್ಟೆ. ಕೊಟ್ಟ ಸಂಖ್ಯೆ ದಾಟಿದ ಮೇಲೆ, ಬಿಡಬಹುದಾದ ಪಾಸ್‌ಗಳನ್ನೆಲ್ಲ (ಪಾಸ್ ಅಂದರೆ ಕಂಪೈಲರ್ ಕೋಡನ್ನು ತಿದ್ದುವ ಒಂದೊಂದು ಹಂತ) ಅದು ಬಿಟ್ಟುಬಿಡುತ್ತೆ. ಕೊನೆಗೆ ಸಿಕ್ಕಿಬಿದ್ದಿದ್ದು, ಬೇಡದ ಸೈನ್-ಎಕ್ಸ್‌ಟೆಂಡ್‌ಗಳನ್ನು (32 ಬಿಟ್ ಸಂಖ್ಯೆಯ ಚಿಹ್ನೆಯ ಬಿಟ್ಟನ್ನೇ ಮೇಲಿನ 32 ಬಿಟ್‌ಗೂ ತುಂಬೋದು) ತೆಗೆದುಹಾಕುವ ರಿಸ್ಕ್-ವಿ ಪಾಸ್.

ಇಲ್ಲಿಗೆ ಬಂದವರು ಆ ಪಾಸನ್ನೇ ತಿದ್ದಲು ಕೂತುಬಿಡೋದುಂಟು. ದಯವಿಟ್ಟು ಅವಸರ ಬೇಡ. ಬೈಸೆಕ್ಟ್ ಹೇಳೋದು ತಪ್ಪು ಎಲ್ಲಿ ಕಣ್ಣಿಗೆ ಬಿತ್ತು ಅಂತ ಅಷ್ಟೇ. ಯಾವ ಮಾತು ನಂಬಿಕೊಂಡು ಆ ಪಾಸ್ ಹಾಗೆ ಮಾಡಿತು ಅಂತ ನಾವೇ ಹುಡುಕಬೇಕು.

ಪ್ರತಿ ಪಾಸ್ ಆದಮೇಲೂ ಕೋಡ್ ತೋರಿಸುವ ಪ್ರಿಂಟ್-ಆಫ್ಟರ್-ಆಲ್ ಹಾಕಿ ಆ ಫಂಕ್ಷನ್ ನೋಡಿದೆ. ಪಾಸ್‌ಗೆ ಮುಂಚೆ ನಮ್ಮ ಇನ್‌ಸ್ಟ್ರಕ್ಷನ್ ಆದ ತಕ್ಷಣ ಒಂದು ಸೈನ್-ಎಕ್ಸ್‌ಟೆಂಡ್ ಇತ್ತು. ಆಮೇಲೆ ಇಲ್ಲ. 64-ಬಿಟ್ ರಿಸ್ಕ್-ವಿಯಲ್ಲಿ 32 ಬಿಟ್ ಮಾತ್ರ ಹೋಲಿಸಿ ಮುಂದಿನ ದಾರಿ ಆರಿಸುವ ಬ್ರಾಂಚ್ ಇನ್‌ಸ್ಟ್ರಕ್ಷನ್ ಇಲ್ಲ, ಅದು ಪೂರ್ತಿ ರಿಜಿಸ್ಟರ್ ನೋಡುತ್ತೆ. ನಮ್ಮ ಇನ್‌ಸ್ಟ್ರಕ್ಷನ್ ಮೇಲಿನ 32 ಬಿಟ್‌ಗೆ ಸೊನ್ನೆ ತುಂಬುತ್ತಿತ್ತು. ಹಾಗಾಗಿ -1 ಇರಬೇಕಾದ ಕಡೆ 4294967295. ಸೊನ್ನೆಗಿಂತ ಕಡಿಮೆಯಾ ಅಂತ ಕೇಳಿದರೆ ಅಲ್ಲ ಅನ್ನದೆ ಇನ್ನೇನು?

ಇನ್‌ಸ್ಟ್ರಕ್ಷನ್‌ಗಳ ವಿವರ ಬರೆದಿಡುವ ಟೇಬಲ್‌ಜೆನ್ ಫೈಲಿನಲ್ಲಿ ಕಾರಣ ಸಿಕ್ಕಿತು. 'ಇದರ ಫಲಿತಾಂಶ ಆಗಲೇ ಸೈನ್-ಎಕ್ಸ್‌ಟೆಂಡ್ ಆಗಿರುತ್ತೆ' ಎಂದು ಹೇಳುವ ಫ್ಲ್ಯಾಗ್ ಮೇಲಿನ ಕ್ಲಾಸಿನಿಂದ ಇಳಿದು ಬಂದಿತ್ತು. ಪಾಸ್ ಅದನ್ನು ನಂಬಿತ್ತು, ಅದರ ಕೆಲಸವೇ ಅದು ಅಲ್ವಾ? ಮೆಷಿನ್ ವೆರಿಫೈಯರ್ ಕೂಡ ತುಟಿ ಬಿಚ್ಚಿರಲಿಲ್ಲ. ಆಪರೆಂಡ್, ರಿಜಿಸ್ಟರ್ ಕ್ಲಾಸ್ ಸರಿ ಇದೆಯಾ ಅಂತ ಅದು ನೋಡುತ್ತೆ. ಹಾರ್ಡ್‌ವೇರ್ ನಿಜಕ್ಕೂ ಯಾವ ಬಿಟ್ ಬರೆಯುತ್ತೆ ಅನ್ನೋದು ಅದಕ್ಕೆ ಹೇಗೆ ತಿಳೀಬೇಕು?

ಫ್ಲ್ಯಾಗ್ 0 ಮಾಡಿದೆ. ಅದೇ ಕ್ಲಾಸಿನ ಉಳಿದ ಇನ್‌ಸ್ಟ್ರಕ್ಷನ್‌ಗಳನ್ನೂ ಹಾರ್ಡ್‌ವೇರ್ ಸ್ಪೆಕ್ ಪಕ್ಕದಲ್ಲಿಟ್ಟು ಒಂದೊಂದಾಗಿ ನೋಡಿದೆ. ಎಲ್‌ಎಲ್‌ವಿಎಂ-ರೆಡ್ಯೂಸ್‌ನಿಂದ ಫಂಕ್ಷನ್ ಚಿಕ್ಕದು ಮಾಡಿ ಫೈಲ್‌ಚೆಕ್ ಟೆಸ್ಟ್ ಸೇರಿಸಿದೆ. ಆದರೆ ಫೈಲ್‌ಚೆಕ್ ನೋಡೋದು ಅಸೆಂಬ್ಲಿಯ ಅಕ್ಷರಗಳನ್ನು ಮಾತ್ರ. ಅದಕ್ಕೇ ನೆಗೆಟಿವ್ ಸಂಖ್ಯೆಗಳನ್ನೇ ಕೊಟ್ಟು ಸಿಮ್ಯುಲೇಟರ್‌ನಲ್ಲಿ ಓಡಿಸಿ ನೋಡುವ ಟೆಸ್ಟ್ ಒಂದನ್ನೂ ಬರೆದೆ.